ಬುಧವಾರ ಆರು ಗಂಟೆ, ಗುರುವಾರ ಮೂರು ಗಂಟೆ

ಬುಧವಾರ ಸಂಜೆ ಆರು ಗಂಟೆಗೆ ನಮ್ಮ ತಂದೆ ಯಾರ ಕೈಗೂ ಸಿಗುತ್ತಿರಲಿಲ್ಲ. ನೆಂಟರ ಮನೆಯ ಆರತಕ್ಷತೆಯಿರಲಿ, ಊರಿನಿಂದ ಯಾರಾದರೂ ಬರುವವರಿರಲಿ, ಆ ಹೊತ್ತಿಗೆ ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಸಭಾಂಗಣದಲ್ಲಿ ಕೂತಾಗಿರುತ್ತಿತ್ತು. ಬೆಂಗಳೂರು ಸೈನ್ಸ್ ಫೋರಂನವರ ವಾರದ ಉಪನ್ಯಾಸ ಅಲ್ಲಿ ನಡೆಯುತ್ತಿತ್ತು. ಎಚ್. ನರಸಿಂಹಯ್ಯನವರು ಮುಂದೆ ನಿಂತು 1962ರಲ್ಲಿ ಕಟ್ಟಿದ ಸಂಸ್ಥೆ ಅದು. ಟಿಕೇಟಿಲ್ಲ, ಸದಸ್ಯತ್ವ ತೋರಿಸಬೇಕಾಗಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಗಂಟೆ ಆರಾದರೆ ಸಭೆ ಶುರು. ಬಿಳಿ ಪಂಚೆ, ಜುಬ್ಬ, ಟೋಪಿಯ ಎಚ್ಚೆನ್ ಅವರ ಮುಂದೆ ತಡವಾಗಿ ಒಳಗೆ ನಡೆಯಲು ದೊಡ್ಡ ದೊಡ್ಡವರೂ ಹಿಂಜರಿಯುತ್ತಿದ್ದರಂತೆ.

ತಂದೆ ವಿಜ್ಞಾನಿಯಲ್ಲ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಲೇತ್ ಮುಂದೆ ನಿಂತು ದುಡಿದವರು. ಓದಿದ್ದು ಎಸ್ಸೆಸ್ಸೆಲ್ಸಿ, ಆಮೇಲೆ ಕಸುಬಿನ ತರಬೇತಿ. ಅಲ್ಲಿ ನಕ್ಷತ್ರಗಳ ಹುಟ್ಟಿನ ಮೇಲೋ, ಮಲೇರಿಯಾದ ಮೇಲೋ, ಭೂಕಂಪದ ಮೇಲೋ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಮಾತು ಅವರಿಗೆ ಪೂರ್ತಿ ಹಿಡಿತಕ್ಕೆ ಸಿಕ್ಕಿದ್ದು ಎಷ್ಟೋ, ನನಗೆ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಿಳಿದಷ್ಟನ್ನು ನಮಗೆ ಹೇಳುತ್ತಿದ್ದರು. ತಿಳಿಯದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಯಾಗಿ ಬರೆದಿಟ್ಟುಕೊಳ್ಳುತ್ತಿದ್ದರು. ಮುಂದೆಂದೋ ಉತ್ತರ ಸಿಕ್ಕರೆ ಅದೇ ಪುಟದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಸೇರಿಸುತ್ತಿದ್ದರು. ಈ ನೋಟ್‌ಬುಕ್ಕುಗಳಿಂದ ಅವರಿಗೆ ಬಡ್ತಿ ಸಿಗಲಿಲ್ಲ, ಸಿಗಬೇಕೆಂದು ಬರೆದದ್ದೂ ಅಲ್ಲ. ಜುಲೈ ತಿಂಗಳ ವಿಜ್ಞಾನೋತ್ಸವದಲ್ಲಿ ದಿನಾ ಸಂಜೆ ಉಪನ್ಯಾಸ. ಆ ತಿಂಗಳು ಅವರ ಮುಖದಲ್ಲಿ ಬೇರೆಯೇ ಒಂದು ಗೆಲುವಿರುತ್ತಿತ್ತು.

ಇದೆಲ್ಲ ಅವರ ಶಿಸ್ತಿನ ಫಲ ಎಂದು ಬಹಳ ಕಾಲ ನಂಬಿದ್ದೆ. ಶಿಸ್ತು ಇತ್ತು, ನಿಜ. ಆದರೆ ಅದಕ್ಕೂ ಮೊದಲು ಫ್ಯಾಕ್ಟರಿಯ ಬಸ್ಸಿತ್ತು. ಬೆಳಿಗ್ಗೆ ಕತ್ತಲಿರುವಾಗಲೇ ಎನ್.ಆರ್. ಕಾಲೊನಿಯ ತಿರುವಿನಲ್ಲಿ ಅವರನ್ನು ಹತ್ತಿಸಿಕೊಂಡ ಬಸ್ಸು ಸಂಜೆ ಬಿಸಿಲು ಆರುವ ಮೊದಲೇ ಅಲ್ಲೇ ತಂದು ಇಳಿಸುತ್ತಿತ್ತು. ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ಸೈರನ್ ಕೂಗಿದ ಮೇಲೆ ಕಾರ್ಖಾನೆಗೆ ಅವರ ಮೇಲೆ ಹಕ್ಕಿರಲಿಲ್ಲ. ಕೈಕಾಲು ತೊಳೆದು, ಕಾಫಿ ಕುಡಿದು, ಇಸ್ತ್ರಿ ಷರ್ಟು ಹಾಕಿಕೊಂಡು ಹೊರಟರೂ ಇನ್ನೂ ಬೆಳಕಿರುತ್ತಿತ್ತು. ಎಚ್‌ಎಎಲ್, ಐಟಿಐ, ಬಿಇಎಲ್ ಬಸ್ಸುಗಳು ಹೀಗೆ ಊರ ತುಂಬ ಜನರನ್ನು ಸಂಜೆ ಇರುವಾಗಲೇ ಮನೆಗೆ ಮುಟ್ಟಿಸುತ್ತಿದ್ದವು. ಬೆಂಗಳೂರಿನ ಹವ್ಯಾಸಿ ರಂಗಭೂಮಿ ಬೆಳೆದದ್ದರಲ್ಲಿ ಈ ಬಸ್ಸುಗಳ ಪಾಲು ದೊಡ್ಡದು ಎಂಬುದು ನನ್ನ ನಂಬಿಕೆ. ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. 1972ರಲ್ಲಿ ಅದರ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’, ‘ಈಡಿಪಸ್’ ಆಡಿಸಿದ ಕಾಲದಲ್ಲಿ ಇಲ್ಲಿನ ತಂಡಗಳ ನಟರಲ್ಲಿ ಎಷ್ಟೋ ಮಂದಿ ಹಗಲು ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ದುಡಿದು ಸಂಜೆ ರಿಹರ್ಸಲ್ಲಿಗೆ ಓಡುತ್ತಿದ್ದವರು. ನಮ್ಮ ಬೀದಿಯಲ್ಲೂ ಒಬ್ಬರಿದ್ದರು. ಕೊಳಾಯಿಯ ಹತ್ತಿರ ಮುಖ ತೊಳೆಯುತ್ತ ಮಾತು ಬಾಯಿಪಾಠ ಮಾಡುತ್ತಿದ್ದ ಅವರ ದನಿ ಮೂರು ಮನೆಗೆ ಕೇಳುತ್ತಿತ್ತು.

ದೊಡ್ಡವರೂ ಹಾಗೇ ಬದುಕಿದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಗವಿಪುರದ ಮನೆಯಿಂದ ಮಾಸ್ತಿಯವರು ಕೋಟು ತೊಟ್ಟು, ಕೊಡೆ ಹಿಡಿದು, ಸಂಜೆ ಬಸವನಗುಡಿ ಕ್ಲಬ್ಬಿಗೆ ಇಸ್ಪೀಟು ಆಡಲು ನಡೆದು ಹೋಗುತ್ತಿದ್ದರು. ನೂರಕ್ಕೂ ಹೆಚ್ಚು ಪುಸ್ತಕ ಬರೆದವರು, ಎರಡು ದಶಕ ‘ಜೀವನ’ ಪತ್ರಿಕೆ ನಡೆಸಿದವರು, ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಪಡೆದವರು. ಅವರಿಗೆ ಆ ಇಸ್ಪೀಟು ಸಮಯ ಹಾಳು ಮಾಡುವುದಾಗಿ ಕಾಣಲಿಲ್ಲ. 1986ರ ಜೂನ್ 6ರಂದು, ಅವರು ಹುಟ್ಟಿದ ದಿನವೇ ತೀರಿಕೊಂಡಾಗ ಗಾಂಧಿ ಬಜಾರಿನ ಜನರಿಗೆ ಒಬ್ಬ ಸಾಹಿತಿಯ ಜೊತೆಗೆ ಸಂಜೆಯ ಹೊತ್ತಿನ ಒಂದು ಗುರುತೂ ಹೋಗಿತ್ತು. ಇನ್ನು ಡಿವಿಜಿಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನಮ್ಮ ಮನೆಗೆ ಕೂಗಳತೆ. ಅದೇ ವರ್ಷ ಆಗಸ್ಟಿನಲ್ಲಿ ಬಿ.ಪಿ. ವಾಡಿಯಾ, ಸೋಫಿಯಾ ವಾಡಿಯಾ ದಂಪತಿ ಶುರು ಮಾಡಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಕೂಡ ನಡೆದು ಹೋಗುವಷ್ಟೇ ದೂರ. ನಮ್ಮ ಕಡೆಯವರ ಬಾಯಲ್ಲಿ ಅದು ಬರೀ ‘ವರ್ಲ್ಡ್ ಕಲ್ಚರ್’. ಅದರ ಮಕ್ಕಳ ಲೈಬ್ರರಿಯಲ್ಲೇ ನಾನು ಓದುವುದನ್ನು ರೂಢಿ ಮಾಡಿಕೊಂಡದ್ದು. ಎಲ್ಲವೂ ಕಾಲ್ನಡಿಗೆಯ ದೂರದಲ್ಲಿತ್ತು, ಎಲ್ಲವೂ ಪುಕ್ಕಟೆ ಅಥವಾ ಪುಕ್ಕಟೆಗೆ ಹತ್ತಿರ. ಹತ್ತು ನಿಮಿಷದಲ್ಲಿ ತಲುಪಬಹುದಾದದ್ದನ್ನು ಮನುಷ್ಯ ತಪ್ಪಿಸಿಕೊಳ್ಳುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ತಂದೆ ಕಾಲೇಜಿನಲ್ಲಿ ಕೂತು ನಕ್ಷತ್ರಗಳ ಬಗ್ಗೆ ಕೇಳುವಾಗ ಅಮ್ಮ ಒಲೆಯ ಮುಂದೆ ಇರುತ್ತಿದ್ದಳು. ಅಜ್ಜ ಅಜ್ಜಿ ಸೇರಿ ದೊಡ್ಡ ಸಂಸಾರ. ಬೆಳಗಿನ ನೀರು ಹಿಡಿಯುವುದರಿಂದ ರಾತ್ರಿ ದೋಸೆಗೆ ರುಬ್ಬಿಡುವವರೆಗೆ ಅವಳ ಕೈ ಬಿಡುವು ಕಂಡದ್ದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೆಂಗಸರಿಗೆ ಪುರುಸೊತ್ತು ಎನ್ನುವ ಮಾತಿತ್ತು. ಆ ಪುರುಸೊತ್ತಿನಲ್ಲೇ ಅಕ್ಕಿ ಆರಿಸುವುದು, ಹರಿದದ್ದು ಹೊಲಿಯುವುದು, ಸಂಡಿಗೆ ಕಾಯುವುದು, ರೇಡಿಯೋ ಕೇಳುವುದು ಎಲ್ಲ ಆಗಬೇಕು. ಹೊರಗೆ ಹೋಗಬೇಕಾದರೆ ಹೆಂಗಸರಿಗೆ ಒಂದು ಕೆಲಸದ ಹೆಸರು ಬೇಕಿತ್ತು. ಮಲ್ಲೇಶ್ವರದಲ್ಲಿದ್ದ ನಮ್ಮ ಚಿಕ್ಕಮ್ಮನಿಗೆ ಸ್ಯಾಂಕಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವುದೆಂದರೆ ಪ್ರಾಣ. ಅತ್ತೆಯ ಮನೆಯಲ್ಲಿ ಅದಕ್ಕೆ ‘ಹಾಲು ತರುವುದು’ ಎಂದು ಹೆಸರು. ಹಾಲಿನ ಬೂತು ಇದ್ದದ್ದು ಬೀದಿಯ ತುದಿಯಲ್ಲಿ, ಕೆರೆ ಇದ್ದದ್ದು ಇನ್ನೊಂದು ದಿಕ್ಕಿನಲ್ಲಿ. ಹಾಲಿನ ಪಾತ್ರೆ ಹಿಡಿದೇ ಅವಳು ಇಬ್ಬರು ಗೆಳತಿಯರ ಜೊತೆ ಕೆರೆಗೆ ಒಂದು ಸುತ್ತು ಬಂದು, ಆಮೇಲೆ ಬೂತಿಗೆ ಹೋಗುತ್ತಿದ್ದಳು. ದೇವಸ್ಥಾನ, ತರಕಾರಿ, ಹಾಲು ಇಂಥ ಹೆಸರುಗಳ ಅಡಿಯಲ್ಲೇ ಆ ಕಾಲದ ಹೆಣ್ಣುಮಕ್ಕಳ ವಿಹಾರ ನಡೆಯುತ್ತಿತ್ತು.

ನಮ್ಮ ಮನೆಯಲ್ಲಿ ಅಂಥ ಹೆಸರಿನ ಮರೆಯಿಲ್ಲದೆ ಹೊರಟ ಮೊದಲ ಹೆಂಗಸು ಅಮ್ಮ. ನಾನು ಹೈಸ್ಕೂಲಿನಲ್ಲಿದ್ದಾಗ, ಅವಳಿಗೆ ನಲವತ್ತರ ಹತ್ತಿರ, ಎರಡು ಬೀದಿ ಆಚೆಯ ಹಿರಿಯ ಗಮಕಿಯೊಬ್ಬರು ಹೆಂಗಸರಿಗೆ ಗಮಕದ ಪಾಠ ಶುರು ಮಾಡಿದರು. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ. ಅಮ್ಮ ಊಟದ ಹೊತ್ತಿನಲ್ಲಿ ಎಲ್ಲರೆದುರು “ಗುರುವಾರ ನಾನು ಪಾಠಕ್ಕೆ ಹೋಗುತ್ತೇನೆ” ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, “ಸಂಜೆ ತಿಂಡಿ?” ಎಂದರು. ಗುರುವಾರ ಸಂಜೆ ಗೊಜ್ಜವಲಕ್ಕಿ ಎಂದು ಅಲ್ಲೇ ತೀರ್ಮಾನವಾಯಿತು. ಹುಳಿ ಬೆಲ್ಲದ ಗೊಜ್ಜು ಬೆಳಿಗ್ಗೆಯೇ ತಯಾರು. ತರಿ ಮಾಡಿದ ಅವಲಕ್ಕಿಯನ್ನು ಅದರಲ್ಲಿ ನೆನೆಸಿ, ಸಾರಿನ ಪುಡಿ, ಕೊಬ್ಬರಿ ಬೆರೆಸಿ, ಒಗ್ಗರಣೆ ಹಾಕಿದರೆ ಮುಗಿಯಿತು. ನೆನೆಸುವ ಕೆಲಸ ನನ್ನದು, ಒಗ್ಗರಣೆ ಅಜ್ಜಿಯದು, ಕಾಫಿ ತಂದೆಯದು. ಆ ಮನೆಯಲ್ಲಿ ತಂದೆ ಕಾಫಿ ಬೆರೆಸಿದ್ದು ಅದೇ ಮೊದಲು. ಅಮ್ಮನ ಒಂದೂವರೆ ಗಂಟೆಗಾಗಿ ಮೂವರು ತಂತಮ್ಮ ಕೆಲಸ ಬದಲಿಸಿಕೊಳ್ಳಬೇಕಾಯಿತು. ತಂದೆಯ ಬುಧವಾರಕ್ಕಾಗಿ ಅಮ್ಮ ಒಬ್ಬಳೇ ಅಷ್ಟು ವರ್ಷ ಏನೇನು ಬದಲಿಸಿಕೊಂಡಿದ್ದಳು ಎಂಬುದು ಆಮೇಲೆ ನಮ್ಮೆಲ್ಲರ ಕಣ್ಣಿಗೆ ಬಿತ್ತು.

ಗಮಕವೆಂದರೆ ಸಂಗೀತವೇ ಎಂದು ಕೇಳುವವರಿದ್ದಾರೆ. ರಾಗವುಂಟು, ತಾಳವಿಲ್ಲ. ಪದ್ಯದ ಅರ್ಥ ಒಡೆಯುವಂತೆ ಎಲ್ಲೂ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆಯಷ್ಟೆ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳು, ಒಟ್ಟು ಹದಿನಾಲ್ಕು. ಮೂರನೆಯ ಮತ್ತು ಆರನೆಯ ಸಾಲು ಅವನ್ನು ಹಿಂದೆ ಹಾಕಿ ಇಪ್ಪತ್ತಮೂರು ಮಾತ್ರೆಯವರೆಗೆ ಚಾಚಿ ಒಂದು ಗುರುವಿನ ಮೇಲೆ ನಿಲ್ಲುತ್ತವೆ. ಅಮ್ಮನಿಗೆ ಕಷ್ಟವಾದದ್ದು ಈ ಮೂರನೆಯ ಸಾಲು. ಮೊದಲೆರಡು ಸಾಲು ಸರಾಗ ಓದಿ ಮೂರನೆಯದರ ನಡುವೆ ಉಸಿರು ಮುಗಿದು, ಸಮಾಸವೊಂದು ತುಂಡಾಗುತ್ತಿತ್ತು. ಗುರುಗಳು ಬೈಯುತ್ತಿರಲಿಲ್ಲ, “ಅಮ್ಮಾ, ಎರಡನೇ ಸಾಲಿನ ಕೊನೆಯಲ್ಲೇ ಉಸಿರು ತುಂಬಿಕೊಳ್ಳಿ, ಮುಂದೆ ಉದ್ದ ದಾರಿಯಿದೆ” ಎನ್ನುತ್ತಿದ್ದರಂತೆ. ಅಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತ ಆ ಸಾಲನ್ನು ಅಭ್ಯಾಸ ಮಾಡಿದಳು. ಕಾಯಿ ತುರಿಯುತ್ತ ಮಾಡಿದಳು. ಕೆಲಸದ ನಡುವೆ ಗುನುಗುವುದು ಹೊಸದಲ್ಲ, ಆದರೆ ಇದು ಗುನುಗಲ್ಲ. ಎಲ್ಲಿ ತಪ್ಪಿತೋ ಅಲ್ಲಿಂದ ಮತ್ತೆ ಶುರು, ಮತ್ತೆ ತಪ್ಪು, ಮತ್ತೆ ಶುರು. ಯಾರೂ ಕೇಳಿಸಿಕೊಳ್ಳಬೇಕಾಗಿಲ್ಲದ ಕೆಲಸವನ್ನು ಅಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ದ್ರೌಪದಿ ಸಭೆಯಲ್ಲಿ ಪ್ರಶ್ನೆ ಕೇಳುವ ಭಾಗಕ್ಕೆ ಬರುವ ಹೊತ್ತಿಗೆ ಅವಳ ದನಿಯೇ ಬೇರೆಯಾಗಿತ್ತು. ಯಾವ ರಾಗ ಹಿಡಿಯಬೇಕೆಂಬುದನ್ನು ಅವಳೇ ಆರಿಸತೊಡಗಿದ್ದಳು, ಗುರುಗಳು ಹೇಳಿದ್ದನ್ನು ಒಪ್ಪದೆ ವಾದವನ್ನೂ ಮಾಡಿದ್ದಳಂತೆ.

ಪಾಠದಿಂದ ಬಂದ ಗುರುವಾರ ಸಂಜೆ ಅಮ್ಮ ಎಲ್ಲರೊಡನೆಯೂ ಹೆಚ್ಚು ಮಾತಾಡುತ್ತಿದ್ದಳು. ಸಿಟ್ಟು ಬರುವುದು ಕಡಿಮೆಯಾಯಿತೆಂದು ನಾನು ಹೇಳಲಾರೆ, ಅವಳ ಸಿಟ್ಟು ಹಾಗೇ ಇತ್ತು. ಆದರೆ ತನ್ನದೆಂಬ ಒಂದು ವಿಷಯ ಅವಳಿಗೆ ಸಿಕ್ಕಿತ್ತು. ಅದರ ಬಗ್ಗೆ ತಂದೆ ಕೂಡ ಅವಳನ್ನೇ ಕೇಳಬೇಕಾಗಿತ್ತು. ಊಟದ ಹೊತ್ತಿನಲ್ಲಿ ನಕ್ಷತ್ರದ ಪಕ್ಕಕ್ಕೆ ಭೀಷ್ಮ ಬಂದು ಕೂತ.

ಇಬ್ಬರೂ ಒಟ್ಟಿಗೆ ಹೋಗುತ್ತಿದ್ದದ್ದು ಚಾಮರಾಜಪೇಟೆಯ ರಾಮನವಮಿ ಕಚೇರಿಗಳಿಗೆ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಹುಟ್ಟುಹಾಕಿದ ಶ್ರೀ ರಾಮಸೇವಾ ಮಂಡಳಿಯ ಚಪ್ಪರ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಏಳುತ್ತಿತ್ತು. ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ, ಸೆಮ್ಮಂಗುಡಿ, ಭೀಮಸೇನ ಜೋಶಿ ಎಲ್ಲರೂ ಅಲ್ಲಿ ಹಾಡಿದವರು. ಒಳಗಿನ ಕುರ್ಚಿಗೆ ದುಡ್ಡು. ಹೊರಗಿನ ರಸ್ತೆಗೆ ದುಡ್ಡಿಲ್ಲ, ಧ್ವನಿವರ್ಧಕದ ಹಾಡು ಅಲ್ಲಿಗೂ ಅಷ್ಟೇ ಚೆನ್ನಾಗಿ ಬರುತ್ತಿತ್ತು. ನಾವು ಜಮಖಾನ, ನೀರಿನ ತಂಬಿಗೆ, ಬೀಸಣಿಗೆ ಹಿಡಿದು ಹೋಗಿ ಹೊರಗೇ ಕೂರುತ್ತಿದ್ದೆವು. ಏಪ್ರಿಲ್ ಸೆಕೆ, ಮಲ್ಲಿಗೆ ಹೂ ಮಾರುವವರು, ಪಾನಕದ ಏಲಕ್ಕಿ ವಾಸನೆ. ಪಕ್ಕದಲ್ಲಿ ಕೂತವರು ರಿಕ್ಷಾ ಓಡಿಸುವವರಿರಬಹುದು, ಮಾರ್ಕೆಟ್ಟಿನಲ್ಲಿ ಅಂಗಡಿ ಮುಚ್ಚಿ ಬಂದವರಿರಬಹುದು. ಆಲಾಪನೆ ಶುರುವಾದ ಕೂಡಲೇ ರಾಗ ಯಾವುದೆಂದು ಪಿಸುಗುಟ್ಟುವವರು ಅವರಲ್ಲೇ ಹೆಚ್ಚು. ನಾನು ಬಾಗಿಲಾಚೆ ಕೂತು ಕೇಳಿದ ಸಂಗೀತವೇ ನನ್ನ ಕಿವಿಯನ್ನು ತಿದ್ದಿದ್ದು. ಕಚೇರಿ ಮುಗಿದು ಮನೆಗೆ ಬರುವಾಗ ರಾತ್ರಿ ಬಹಳವಾಗಿರುತ್ತಿತ್ತು. ಮೊದಮೊದಲು ಬಂದ ಮೇಲೆ ಪಾತ್ರೆ ತೊಳೆಯಲು ಅಮ್ಮ ಒಬ್ಬಳೇ ಹಿತ್ತಲಿಗೆ ಹೋಗುತ್ತಿದ್ದಳು. ಗಮಕದ ಪಾಠ ಶುರುವಾದ ನಂತರದ ವರ್ಷಗಳಲ್ಲಿ ತಂದೆಯೂ ಹೋಗುತ್ತಿದ್ದರು.

ನನಗೆ ಕೆಲಸ ಸಿಕ್ಕಿದ್ದು ಚಾಮರಾಜಪೇಟೆಯ ಒಂದು ಬ್ಯಾಂಕಿನಲ್ಲಿ. ಕಂಪ್ಯೂಟರಿನ ಮುಂಚಿನ ಕಾಲ. ಲೆಡ್ಜರು ತಾಳೆಯಾಗುವವರೆಗೆ ಯಾರೂ ಏಳುವಂತಿಲ್ಲ. ಒಂದು ರೂಪಾಯಿ ಹೆಚ್ಚು ಕಡಿಮೆ ಬಂದರೂ ಇಡೀ ದಿನದ ನಮೂದನ್ನು ಮತ್ತೆ ನೋಡಬೇಕು. ಸಂಜೆ ಎನ್ನುವುದು ನನ್ನ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಶನಿವಾರ. ಎರಡನೆಯ, ನಾಲ್ಕನೆಯ ಶನಿವಾರ ಪೂರ್ತಿ ರಜೆಯಾದದ್ದು 2015ರ ಸೆಪ್ಟೆಂಬರಿನಿಂದ. ಅದಕ್ಕೆ ಮುಂಚೆ ಪ್ರತಿ ಶನಿವಾರವೂ ಅರ್ಧ ದಿನ. ಮದುವೆಯಾಗಿ ಮಗ ಹುಟ್ಟಿದ ಮೇಲೆ ಆ ಅರ್ಧ ದಿನವನ್ನು ಮನೆಯ ಬಾಕಿ ಕೆಲಸವೆಲ್ಲ ನುಂಗತೊಡಗಿತು. ಅಮ್ಮನಿಂದ ಕಲಿತದ್ದು ಆಗ ಕೆಲಸಕ್ಕೆ ಬಂತು. ‘ಸ್ವಲ್ಪ ಬಿಡುವಾದರೆ ಹೋಗುತ್ತೇನೆ’ ಎಂದರೆ ಯಾರೂ ಬಿಡುವು ಮಾಡಿಕೊಡುವುದಿಲ್ಲ. ಶನಿವಾರ ಮೂರಕ್ಕೆ ಎಂದರೆ ಮನೆ ಅದರ ಸುತ್ತ ತನ್ನನ್ನು ಜೋಡಿಸಿಕೊಳ್ಳುತ್ತದೆ. ಶನಿವಾರದ ಅಡುಗೆ ನನ್ನ ಗಂಡನ ಪಾಲಾಯಿತು, ಇಂದಿಗೂ ಅವರದೇ.

ನಾನು ಹೋಗುತ್ತಿದ್ದದ್ದು ಲಾಲ್‌ಬಾಗಿಗೆ, ಮರಗಳ ಚಿತ್ರ ಬರೆಯಲು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ ಈಗ 240 ಎಕರೆ. 1889ರ ಗಾಜಿನ ಮನೆಯನ್ನು ನೋಡಲು ಬರುವವರು ಬಹಳ. ನಾನು ಕೂರುತ್ತಿದ್ದದ್ದು ದೊಡ್ಡ ಬೂರುಗದ ಮರದ ಎದುರು. ನೆಲದಿಂದ ಗೋಡೆಗಳಂತೆ ಎದ್ದ ಅದರ ಬೇರುಗಳ ನಡುವೆ ಒಬ್ಬ ಮನುಷ್ಯ ನಿಂತರೆ ಕಾಣುವುದಿಲ್ಲ. ಪೆನ್ಸಿಲ್ಲಿನಲ್ಲಿ ಆ ಬೇರಿನ ಒಂದು ಮಡಿಕೆ ಹಿಡಿಯಲು ಹೊರಟರೆ ಒಂದು ಶನಿವಾರ ಸಾಲದು. ನೆರಳು ಸರಿಯುತ್ತದೆ, ಬರೆದದ್ದು ಸುಳ್ಳಾಗುತ್ತದೆ, ಮುಂದಿನ ವಾರ ಅದೇ ಹೊತ್ತಿಗೆ ಬಂದರೆ ಮಾತ್ರ ಅದೇ ನೆರಳು ಸಿಗುತ್ತದೆ. ಚಿತ್ರಕಲೆ ನನ್ನನ್ನು ಹೊತ್ತಿಗೆ ಸರಿಯಾಗಿ ಬರುವಂತೆ ಕಟ್ಟಿಹಾಕಿತು. ಸುಸ್ತಾದಾಗ ಬಂಡೆ ಹತ್ತಿ ಕೂರುತ್ತಿದ್ದೆ. ಮುನ್ನೂರು ಕೋಟಿ ವರ್ಷದಷ್ಟು ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಕಲ್ಲಿನ ಬಗ್ಗೆ ಮೊದಲು ಕೇಳಿದ್ದು ತಂದೆಯ ಬಾಯಿಂದ, ಒಂದು ಬುಧವಾರದ ರಾತ್ರಿ. ವಾರವೆಲ್ಲ ಅಂಕಿ ಕೂಡಿಸಿದ ಕಣ್ಣಿಗೆ ಅಲ್ಲಿ ಕೂಡಿಸುವಂಥದ್ದು ಏನೂ ಇರುತ್ತಿರಲಿಲ್ಲ. ಸೋಮವಾರ ನಾನು ಬ್ಯಾಂಕಿಗೆ ಹೋಗುವಾಗ ಅದೇ ಲೆಡ್ಜರು, ಅದೇ ಕೌಂಟರು, ಆದರೆ ಬಂದವರ ಮುಖ ನೋಡಿ ಮಾತಾಡುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರುತ್ತಿತ್ತು.

ಮಗನಿಗೆ ಈಗ ಆ ಬಸ್ಸೂ ಇಲ್ಲ, ಆ ಶನಿವಾರವೂ ಇಲ್ಲ. ಅವನ ಕಚೇರಿ ಊರಿನ ಪೂರ್ವದ ತುದಿಯಲ್ಲಿ. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಅದಕ್ಕಿಂತ ಹೆಚ್ಚು. ಊಟ ಮುಗಿಯುವ ಹೊತ್ತಿಗೆ ಅಮೆರಿಕದವರಿಗೆ ಬೆಳಗಾಗಿ ಮತ್ತೆ ಕಾಲ್ ಶುರು. 2024ರಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಏರಿಸುವ ಪ್ರಸ್ತಾಪ ಕರ್ನಾಟಕದಲ್ಲಿ ಬಂದಾಗ ನೌಕರರ ಸಂಘದವರು ಬೀದಿಗಿಳಿದರು. ಆ ಸುದ್ದಿ ಓದಿದ ದಿನ ನನಗೆ ತುಂಬ ಸಂಕಟವಾಯಿತು. ಹದಿನಾಲ್ಕು ಗಂಟೆಯ ಮೇಲೆ ಪ್ರಯಾಣ, ನಿದ್ದೆ ಕಳೆದರೆ ಉಳಿಯುವುದೇನು? ವಾರಕ್ಕೆ 48 ಗಂಟೆ ಎಂಬ ಗೆರೆಯನ್ನು ಎಳೆಯಲು ನಮ್ಮ ಹಿಂದಿನವರು ಎಷ್ಟು ಹೋರಾಡಿದ್ದರು. ಮೊಬೈಲು ಬದಿಗಿಡಿ, ಧ್ಯಾನ ಮಾಡಿ ಎಂದು ಮಕ್ಕಳಿಗೆ ಬುದ್ಧಿ ಹೇಳುವವರು ಮೊದಲು ಆ ಗೆರೆಯ ಬಗ್ಗೆ ಮಾತಾಡಬೇಕು. ಸಂಜೆಯೇ ಇಲ್ಲದವನಿಗೆ ಸಂಜೆಯನ್ನು ಚೆನ್ನಾಗಿ ಕಳೆಯುವ ಉಪದೇಶ ಕೊಡುವುದು ಕ್ರೂರ.

ಹಾಗೆಂದು ಈ ಕಡೆಯ ಬಡಾವಣೆಗಳಲ್ಲಿ ಬಾಗಿಲು ಮುಚ್ಚಿಲ್ಲ. ಉಪನ್ಯಾಸಗಳಿವೆ, ಗೋಖಲೆ ಸಂಸ್ಥೆಯಲ್ಲಿ ಸಂಜೆ ದೀಪ ಹತ್ತುತ್ತದೆ, ವರ್ಲ್ಡ್ ಕಲ್ಚರಿನ ಲೈಬ್ರರಿ ತೆರೆದಿದೆ, ಕಾರ್ತಿಕದ ಕೊನೆಯ ಸೋಮವಾರ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ತಪ್ಪದೆ ಸೇರುತ್ತದೆ. ಸಭೆಗಳಲ್ಲಿ ನನ್ನ ಸುತ್ತ ಕೂರುವವರ ತಲೆ ಮಾತ್ರ ಬಹುಪಾಲು ಬೆಳ್ಳಗಾಗಿದೆ. ಮಕ್ಕಳಿಗೆ ಮನಸ್ಸಿಲ್ಲ ಎಂದು ಅಲ್ಲಿ ಕೆಲವರು ದೂರುತ್ತಾರೆ. ನಾನು ಒಪ್ಪುವುದಿಲ್ಲ. ಬಿಡುವಿರುವ ಭಾನುವಾರ ಕೃಷ್ಣರಾವ್ ಪಾರ್ಕಿನಲ್ಲಿ ಸೇರುವ ಮಕ್ಕಳನ್ನು ನೋಡಿ, ಮನಸ್ಸಿಗೆ ಕೊರತೆಯಿಲ್ಲ.

ನಮ್ಮ ಹಳೆಯ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು. ನೆಲಮಹಡಿಯಲ್ಲಿ ಒಂದು ಕೋಣೆ ಹಳೆಯ ಸ್ಕೂಟರು, ಮುರಿದ ಕುರ್ಚಿ, ಬಣ್ಣದ ಡಬ್ಬಗಳಿಂದ ತುಂಬಿತ್ತು. ಕಳೆದ ವರ್ಷದ ಸಂಘದ ಸಭೆಯಲ್ಲಿ ಅದನ್ನು ಖಾಲಿ ಮಾಡಿ ಕೂರುವ ಕೋಣೆಯಾಗಿಸೋಣ ಎಂದು ಕೇಳಿದೆ. ವಾದ ಬಹಳ ನಡೆಯಿತು. ಬಾಡಿಗೆಗೆ ಕೊಟ್ಟರೆ ದುಡ್ಡು ಬರುತ್ತದಲ್ಲ ಎಂದವರು ಒಬ್ಬರು, ಗಲಾಟೆಯಾದರೆ ಏನು ಎಂದವರು ಇನ್ನೊಬ್ಬರು. ಕೊನೆಗೆ ಮಂಗಳವಾರ, ಶುಕ್ರವಾರ ಏಳರಿಂದ ಎಂಟೂವರೆ ಎಂದು ಗೊತ್ತಾಯಿತು. ಮಂಗಳವಾರ ಕೇರಂ ಮತ್ತು ಚೆಸ್, ಶುಕ್ರವಾರ ಯಾರಾದರೊಬ್ಬರು ಏನಾದರೂ ಓದಿ ಹೇಳುವುದು. ಎರಡನೆಯ ಮಹಡಿಯ ಹುಡುಗಿ ಮೊದಲ ಶುಕ್ರವಾರ ತನ್ನ ಕೊಳಲು ನುಡಿಸಿದಳು. ಮೂರನೆಯ ಮಹಡಿಯ ಹಿರಿಯರು ಎಪ್ಪತ್ತರ ದಶಕದಲ್ಲಿ ತಾವು ಆಡಿದ ನಾಟಕದ ಮಾತನ್ನು ಇನ್ನೂ ಬಾಯಿಪಾಠ ಹೇಳಬಲ್ಲರೆಂದು ಯಾರಿಗೂ ಗೊತ್ತಿರಲಿಲ್ಲ. ಮಗ ತನ್ನ ಕಚೇರಿಯಲ್ಲಿ ಮಾತಾಡಿ ಮಂಗಳವಾರದ ಕಾಲನ್ನು ಒಂಬತ್ತರ ಮೇಲಕ್ಕೆ ತಳ್ಳಿಸಿಕೊಂಡಿದ್ದಾನೆ.

ಕೋಣೆ ಗುಡಿಸುವುದು, ಚಾಪೆ ಹಾಸುವುದು, ಕಾಫಿ ಫ್ಲಾಸ್ಕು ತರುವುದು ಯಾರು ಎಂಬ ಪ್ರಶ್ನೆ ಎರಡನೆಯ ವಾರವೇ ಎದ್ದಿತು. ಎಲ್ಲರ ಕಣ್ಣೂ ತಾನಾಗಿ ಹೆಂಗಸರ ಕಡೆ ಹೊರಳಿದ್ದನ್ನು ನಾನು ಗಮನಿಸಿದೆ, ನನ್ನ ಸೊಸೆಯೂ ಗಮನಿಸಿದಳು. ಅವಳು ಅಲ್ಲೇ ಒಂದು ಹಾಳೆ ಕೇಳಿ ಪಡೆದು ಮನೆ ನಂಬರಿನ ಬದಲು ಹೆಸರು ಹಿಡಿದು ಸರದಿ ಬರೆದಳು; ಗಂಡಸರು, ಹೆಂಗಸರು, ಹದಿನೈದು ದಾಟಿದ ಮಕ್ಕಳು ಎಲ್ಲರೂ ಅದರಲ್ಲಿದ್ದಾರೆ. ಹಾಳೆ ಈಗ ಲಿಫ್ಟಿನ ಪಕ್ಕ ಅಂಟಿಸಿದೆ. ಈ ವಾರದ ಗುಡಿಸುವ ಸರದಿ ನನ್ನ ಮಗನದು, ಕಾಫಿ ಮೂರನೆಯ ಮಹಡಿಯ ನಟರದು.